ನೆಂಟನಾಗಿ ಹೋದ ಸಿಜೋ

ಮದುಮಗ ತಾಳಿ ಹಿಡಿದು ಕೈ ಎತ್ತಿದವನು ಎತ್ತಿದಂತೆಯೇ ನಿಂತುಬಿಟ್ಟ. ಪಾದ್ರಿಯ ಬಾಯಿ ಅರ್ಧ ತೆರೆದೇ ಇತ್ತು. ಸಿಜೋ ಗುಂಡಿ ಒತ್ತಿದ, ಬೇಡಿಕೊಂಡ, ಕೊನೆಗೆ ಉಫ್ ಎಂದು ಊದಿದ. ಪರದೆಯ ಮೇಲೆ ಯಾರೂ ಕದಲಲಿಲ್ಲ. ಲ್ಯಾಪ್‌ಟಾಪು ಮಾತ್ರ ಗಂಜಿ ಉಕ್ಕುವ ಮಡಕೆಯ ಹಾಗೆ ಗೊರಗುಟ್ಟುತ್ತಿತ್ತು.

ಕೇರಳದ ಪಾಲಾ ಪೇಟೆಯಲ್ಲಿ, ಟೈಲರ್ ಮಾತ್ತಚ್ಚನ್ನನ ಅಂಗಡಿಯ ಮೇಲಿನ ಕೋಣೆಯೇ ಸಿಜೋನ ಸ್ಟುಡಿಯೋ, ಮನೆ ಎರಡೂ. ದಿನವಿಡೀ ಊರಿನವರ ಮದುವೆಯ ನಗು ಕತ್ತರಿಸಿ ಜೋಡಿಸುವುದು, ಆಮೇಲೆ ಒಬ್ಬನೇ ಉಂಡು ಮಲಗುವುದು. ಮದುವೆಮನೆಗಳಲ್ಲೂ ವಿಡಿಯೋದವನಿಗೆ ಎಲ್ಲರದೂ ಮುಗಿದ ಮೇಲೆಯೇ ಊಟ, ಅದೂ ನಿಂತುಕೊಂಡು.

ಈ ಸಲ ಹಾಗಲ್ಲ. ಮದುಮಗಳ ಅಪ್ಪ ಕುರಿಯಾಚ್ಚನ್ ಹೆಗಲ ಮೇಲೆ ಕೈಯಿಟ್ಟು ಹೇಳಿದ್ದರು: "ಶನಿವಾರ ಮಧ್ಯಾಹ್ನ ಹೊಸ ಜೋಡಿಗೆ ನಮ್ಮನೇಲಿ ಔತಣ. ಮದುವೆ ವಿಡಿಯೋ ತಗೊಂಡು ಬಾ, ಎಲ್ರೂ ಕೂತು ನೋಡೋಣ. ನೀನು ನೆಂಟ ಕಣೋ ಅವತ್ತು. ನನ್ನ ಪಕ್ಕ ಕೂತು ಉಣ್ಬೇಕು."

ಪಕ್ಕ ಕೂತು! ಇವತ್ತೇ ಆ ಶನಿವಾರ. ವಿಡಿಯೋ ಇಲ್ಲದೆ ಯಾವ ಮುಖ ಹೊತ್ತು ಹೋಗುವುದು?

ಅಷ್ಟರಲ್ಲಿ ಮಾತ್ತಚ್ಚನ್ ಮೇಲೆ ಬಂದ. "ಏನೋ, ಮದುಮಗನಿಗೆ ಲಕ್ವ ಹೊಡೀತಾ?"

"ಸುಡ್ತಾ ಇದೆ ಚೇಟಾ, ಓಡ್ತಾನೇ ಇಲ್ಲ."

"ಸುಟ್ರೆ ತಣ್ಣಗೆ ಮಾಡ್ಬೇಕಪ್ಪ!" ಎಂದವನೇ ಎದುರಿನ ಚಹಾದಂಗಡಿಯ ಅಮ್ಮಿಣಿ ಚೇಚಿಗೆ ಕೂಗು ಹಾಕಿದ. ಚೇಚಿ ಫ್ರಿಜ್ಜಿನಿಂದ ಹೆಪ್ಪುಗಟ್ಟಿದ ಬೂತಾಯಿ ಮೀನಿನ ಪೊಟ್ಟಣ ತಂದು ಲ್ಯಾಪ್‌ಟಾಪಿನ ಅಡಿಗಿಟ್ಟಳು. ಮದುಮಗ ಕದಲಲಿಲ್ಲ. ಬೆಕ್ಕೊಂದು ಮಾತ್ರ ಕಿಟಕಿಯಿಂದ ಇಳಿದು ಬಂದು, ಮೀನಿಗೆ ದಾರಿ ಸಿಗದೆ, ಕೀಲಿಗಳ ಮೇಲೇ ಪವಡಿಸಿತು. ಪರದೆ ಇನ್ನಷ್ಟು ಮಂಕಾಯಿತು.

"ಕರೆಂಟಾದ್ರೂ ಕೊಟ್ಟಿದೀಯೇನೋ ಇದಕ್ಕೆ?" ಎಂದಳು ಚೇಚಿ.

ಸಿಜೋ ತಂತಿಯ ಜಾಡು ಹಿಡಿದು ಹೊರಟ. ಮೆಟ್ಟಿಲ ಬಳಿಯ ಪ್ಲಗ್ಗಿನಲ್ಲಿ ಅವನ ತಂತಿ ಇರಲಿಲ್ಲ. ಅಲ್ಲಿ ಮಾತ್ತಚ್ಚನ್ನನ ಇಸ್ತ್ರಿಪೆಟ್ಟಿಗೆ ಬೆಚ್ಚಗೆ ಕೂತಿತ್ತು.

"ಅಯ್ಯೋ, ಒಂದೇ ಒಂದು ಪ್ಯಾಂಟಿಗೆ ಅಂತ ಕಿತ್ತಿದ್ದೆ ಕಣೋ! ಬ್ಯಾಟರಿ ಇರುತ್ತಲ್ಲ ಅಂದ್ಕೊಂಡೆ."

"ಬ್ಯಾಟರೀಲಿ ಅದು ಅರ್ಧ ಉಸಿರಲ್ಲಿ ಓಡೋದು ಚೇಟಾ!"

ಸಿಜೋ ಪ್ಲಗ್ಗು ಸಿಕ್ಕಿಸಿದ. ಬೇಡದ್ದನ್ನೆಲ್ಲ ಮುಚ್ಚಿದ. ಲ್ಯಾಪ್‌ಟಾಪು ಹೊರಲಾರದ ಭಾರದ ದೃಶ್ಯಗಳಿಗೆಲ್ಲ ಹಗುರ ನಕಲು ಮಾಡಿಕೊಂಡು, ಮೊದಲು ಅವನ್ನೇ ಕತ್ತರಿಸಿ, ಕೊನೆಗೆ ಅದೇ ಲೆಕ್ಕದಲ್ಲಿ ಅಸಲಿ ದೃಶ್ಯಗಳನ್ನು ಜೋಡಿಸಿದ. ಮದುಮಗ ಸರಸರನೆ ತಾಳಿ ಕಟ್ಟಿದ. ಪಾದ್ರಿಯ 'ಆಮೆನ್' ಕೂಡ ಮುಗಿಯಿತು.

"ನಿನಗೆ ಮಾಡಿದ ಅನ್ಯಾಯದ ಋಣ ತೀರಿಸದೆ ಬಿಡಲ್ಲ ಕಣೋ," ಎಂದು ಮಾತ್ತಚ್ಚನ್ ಎದೆ ತಟ್ಟಿಕೊಂಡ. ಸಿಜೋ ಆಗಲೇ ಇಸ್ತ್ರಿಯ ಅಂಗಿ ತೊಟ್ಟು ಬಸ್ಸು ಹತ್ತಿದ್ದ.

ಔತಣದ ಮನೆಯಲ್ಲಿ ವಿಡಿಯೋ ನೋಡಿ ಹೆಂಗಸರು ಕಣ್ಣೊರೆಸಿಕೊಂಡರು. ಕುರಿಯಾಚ್ಚನ್ ಕೈಹಿಡಿದು ಕರೆದೊಯ್ದು ಪಕ್ಕದಲ್ಲೇ ಕೂರಿಸಿಕೊಂಡರು. ತಟ್ಟೆಗೆ ಬಿಸಿ ಅಪ್ಪಂ ಬಿತ್ತು, ಮೇಲೆ ಬಾತುಕೋಳಿ ಸಾರು. ಎದುರು ಕೂತ ಅಜ್ಜಿ ಕೇಳಿದಳು: "ಮನೇಲಿ ಯಾರ್ಯಾರಿದಾರೆ ಮಗಾ?"

ಅವನನ್ನು ಯಾರಾದರೂ ಹಾಗೆ ಕೇಳಿ ಯಾವ ಕಾಲವಾಗಿತ್ತೋ. ಎಲ್ಲಿಂದ ಶುರುಮಾಡಲಿ ಎಂದು ಸಿಜೋ ಯೋಚಿಸುತ್ತಿದ್ದಾಗಲೇ ಅಂಗಳದಲ್ಲಿ ಸ್ಕೂಟರು ಕಿರ್ರೆಂದಿತು.

"ಸಿಜೋ!" ಮಾತ್ತಚ್ಚನ್ ಬೆವರು ಸುರಿಸುತ್ತ ಒಳನುಗ್ಗಿದ. ಹೆಗಲಲ್ಲಿ ಕ್ಯಾಮೆರಾ ಚೀಲ. "ಇದನ್ನೇ ಮರೆತು ಬಂದಿದೀಯಲ್ಲೋ! ಹೊಟ್ಟೆಪಾಡಲ್ವಾ ನಿಂದು? ಅರ್ಧ ದಾರೀಲಿ ಪೆಟ್ರೋಲು ಖಾಲಿ, ತಳ್ಕೊಂಡು ಬಂದೆ!"

ಅಜ್ಜಿ ಚಪ್ಪಾಳೆ ತಟ್ಟಿದಳು. "ದೇವರೇ ಕಳಿಸಿದ ಹಾಗಾಯ್ತು! ಎಲ್ರೂ ಒಟ್ಟಿಗೆ ಕೂತಿದೀವಿ, ವಿಡಿಯೋ ಹಿಡ್ಕೊಂಡುಬಿಡು ಮಗಾ."

"ಒಂದೇ ನಿಮಿಷ ಕಣೋ," ಎಂದರು ಕುರಿಯಾಚ್ಚನ್, ಮೀಸೆ ತೀಡಿಕೊಳ್ಳುತ್ತ.

ಸಿಜೋ ಎದ್ದ.

"ಪಾಪ, ಬಿಸಿಲಲ್ಲಿ ತಳ್ಕೊಂಡು ಬಂದಿದಾರೆ. ನೀವು ಕೂತ್ಕೊಳ್ಳಿ," ಎಂದು ಯಾರೋ ಮಾತ್ತಚ್ಚನ್ನನನ್ನು ಆ ಕುರ್ಚಿಗೇ ಕೂರಿಸಿದರು. ತಟ್ಟೆ ಹೇಗೂ ಬಡಿಸಿಯೇ ಇತ್ತು.

ಸಿಜೋ ಕಣ್ಣಿಗೆ ಕ್ಯಾಮೆರಾ ಹಚ್ಚಿದ. ಕುರಿಯಾಚ್ಚನ್ ಇನ್ನೊಂದು ಅಪ್ಪಂ ಬಡಿಸುತ್ತಿದ್ದರು. ಅಜ್ಜಿ ಮುಂದಕ್ಕೆ ಬಾಗಿ ಮಾತ್ತಚ್ಚನ್ನನನ್ನು ಕೇಳಿದಳು:

"ಮನೇಲಿ ಯಾರ್ಯಾರಿದಾರೆ ಮಗಾ?"