ನಲವತ್ತೊಂದನೇ ಪ್ರಶ್ನೆ

ಇಲ್ಲಿರುವುದೆಲ್ಲ ಅಕ್ಷರಶಃ ನಿಜ. ನನ್ನ ಮೀಸೆ ಮುಟ್ಟಿ ಹೇಳುತ್ತೇನೆ. ಸಾಲದಿದ್ದರೆ ನಿಮ್ಮ ಮೀಸೆಯನ್ನೂ ಮುಟ್ಟಲು ಸಿದ್ಧ.

ಮಧುಮೇಹ ಆರೈಕೆ ಕೇಂದ್ರದಲ್ಲಿ ಸಕ್ಕರೆ ಅಳೆಯುವ ಯಂತ್ರ ಒಂದಿತ್ತು. ಅನುಭವ ಅಳೆಯುವ ನಮೂನೆಗಳು ಮೂವತ್ತು ಸಾವಿರ ಇದ್ದವು. "ರೋಗಿಯ ಅನುಭವವನ್ನು ಅಳೆಯದೆ ರೋಗಿಯನ್ನು ಮುಟ್ಟತಕ್ಕದ್ದಲ್ಲ" ಎಂಬ ಸುತ್ತೋಲೆ ಬಂದಂದಿನಿಂದ ಯಂತ್ರ ಕಪಾಟು ಸೇರಿತ್ತು.

ಒಂದು ಬೆಳಿಗ್ಗೆ ಅಲ್ಲಿಗೆ ಒಬ್ಬ ದರ್ಜಿ ಬಂದ. ಸಕ್ಕರೆ ಕಾಯಿಲೆಗೆ ಹನ್ನೆರಡು ವರ್ಷ, ಹೊಲಿಗೆಗೆ ಮೂವತ್ತೆಂಟು. ಎಂಟು ದಿನದ ಹಿಂದೆ ಅಂಗಡಿಯ ನೆಲದ ಮೇಲಿದ್ದ ಗುಂಡುಸೂಜಿಯೊಂದು ಅವನ ಬಲಗಾಲಿನ ಹೆಬ್ಬೆರಳಿಗೆ ಹೊಕ್ಕಿತ್ತು. ಅದನ್ನಿಟ್ಟುಕೊಂಡೇ ದಿನವಿಡೀ ಮಿಷನ್ ತುಳಿದು ಎರಡು ಪ್ಯಾಂಟು ಮುಗಿಸಿದ ಪುಣ್ಯಾತ್ಮನಿಗೆ ಸುಳಿವೇ ಸಿಗಲಿಲ್ಲ. ಸಂಜೆ ಕಾಲು ತೊಳೆಯುವಾಗ ನೋಡಿದವಳು ಹೆಂಡತಿ.

"ಇದೇನ್ರೀ, ಸೂಜಿ ಚುಚ್ಚಿಡೋಕೆ ಬೇರೆ ಜಾಗ ಸಿಗಲಿಲ್ವಾ?"

ಸೂಜಿ ಹೊರಬಂತು, ಗಾಯ ಅಲ್ಲೇ ಉಳಿಯಿತು. ದಿನಕ್ಕೊಂದು ಬಣ್ಣ ತಿರುಗಿತು. ಬಣ್ಣಗಳ ವಿಷಯದಲ್ಲಿ ದರ್ಜಿ ಪಳಗಿದ ಕೈ; ಈ ಬಣ್ಣ ಅವನಿಗೆ ಹಿಡಿಸಲಿಲ್ಲ. ಬೆರಳು ಹೋದರೆ ಪೆಡಲ್ ತುಳಿಯುವುದು ಹೇಗೆ? ಇದೊಂದೇ ಯೋಚನೆ ಹೊತ್ತು ಬಂದಿದ್ದ.

ಅನುಭವ ಮಾಪನಾಧಿಕಾರಿಯಾದ ಹೆಣ್ಣುಮಗಳು ಅವನನ್ನು ನಾಲ್ಕು ಕಾಲಿನ ಭದ್ರವಾದ ಕುರ್ಚಿಯಲ್ಲಿ ಕೂರಿಸಿ ನಮೂನೆ ತೆರೆದಳು. ಒಟ್ಟು ಎಂಬತ್ತನಾಲ್ಕು ಪ್ರಶ್ನೆ.

"ಯಜಮಾನ್ರೇ, ಕಾಲಲ್ಲಿ ನೋವಿದೆಯಾ?"

"ಇಲ್ಲಮ್ಮ. ನೋವೇ ಇಲ್ಲ ಅನ್ನೋದೇ ತೊಂದ್ರೆ. ಕಾಲು ಜೋಮು ಹಿಡಿದ ಹಾಗಿದೆ."

"ನೋವಿಲ್ಲ. ಅತ್ಯುತ್ತಮ." ಗುರುತು ಹಾಕಿದಳು. "ವೈದ್ಯರು ನಿಮಗೆ ಸಾಕಷ್ಟು ಸಮಯ ಕೊಟ್ಟರಾ?"

"ಅವರ ಮುಖಾನೇ ಇನ್ನೂ ನೋಡಿಲ್ವಲ್ಲ."

"ಅಂದ್ರೆ ಅವರ ಮೇಲೆ ದೂರಿಲ್ಲ. ಅತ್ಯುತ್ತಮ."

ಹೀಗೆ ನಲವತ್ತು ಪ್ರಶ್ನೆ ಮುಗಿಯುವಷ್ಟರಲ್ಲಿ ದರ್ಜಿ ಆ ಕೇಂದ್ರದ ಇತಿಹಾಸದಲ್ಲೇ ಅತ್ಯಂತ ಸುಖಿಯಾದ ಮಧುಮೇಹಿ ಎನಿಸಿಕೊಂಡ. ಅಲ್ಲಿಯವರೆಗೆ ನೂರಕ್ಕೆ ನೂರು. ಅಧಿಕಾರಿಗೆ ಕಣ್ಣು ತುಂಬಿ ಬಂತು.

"ತೊಂಬತ್ತು ಅಂಕ ದಾಟಿದವರು ವೈದ್ಯರನ್ನ ನೋಡೋ ಹಾಗಿಲ್ಲ ಯಜಮಾನ್ರೇ. ನೋಡಿದ್ರೆ ಅನುಭವ ಕೆಡಬಹುದು. ಅಭಿನಂದನಾ ಪತ್ರ ಕೊಟ್ಟು ಕಳಿಸ್ತೀವಿ."

"ಅಲ್ಲಮ್ಮ," ದರ್ಜಿ ನಿಧಾನವಾಗಿ ಹೇಳಿದ, "ಅಳತೆ ತಗೊಂಡ್ರಿ, ಸಂತೋಷ. ಹೊಲಿಯೋದು ಯಾವಾಗ?"

ಈ ಮಾತಿಗೆ ನಮೂನೆಯಲ್ಲಿ ಜಾಗವಿರಲಿಲ್ಲ. ಆಕೆ ಮುಂದಿನದನ್ನು ಓದಿದಳು. "ನಲವತ್ತೊಂದು. ನಿಮ್ಮ ಪಾದಗಳನ್ನು ಪರೀಕ್ಷಿಸಲಾಯಿತೇ?"

"ಇಲ್ಲ."

ಲೇಖನಿ ಗಾಳಿಯಲ್ಲೇ ನಿಂತಿತು. "ಹೌದು ಅಂದ್ಬಿಡಿ. ಒಂದೇ ಒಂದು 'ಇಲ್ಲ' ಬಿದ್ರೂ ನಾನು ಮೇಲಿನ ಕಚೇರಿಗೆ ಮೂರು ಪ್ರತಿಯಲ್ಲಿ ವಿವರಣೆ ಬರೀಬೇಕು."

"ಟ್ರಯಲ್ ನೋಡದೆ ನಾನು ಒಂದು ಗುಂಡೀನೂ ಹಾಕಿದವನಲ್ಲ ತಾಯಿ. ಯಾರಾದ್ರೂ ನೋಡ್ಲಿ, ಹೌದು ಅಂತೀನಿ."

ಆಕೆ ನಿಯಮಾವಳಿ ತಿರುವಿ ಹಾಕಿದಳು. ಪಾದ ನೋಡಬೇಕೆಂದಿತ್ತು, ಯಾರು ನೋಡಬೇಕೆಂದಿರಲಿಲ್ಲ. ಸರಿ, ಸೆರಗು ಸಿಕ್ಕಿಸಿ ಮೇಜಿನಡಿ ಬಗ್ಗಿದಳು. ಬೆರಳಿಗೆ ಸುತ್ತಿದ್ದ ಬಟ್ಟೆ ಬಿಚ್ಚಿ ನೋಡಿದಳು.

"ಎಷ್ಟು ದಿನ ಆಯ್ತು ಇದು?" ಮೇಜಿನಡಿಯಿಂದ ಸಣ್ಣ ದನಿ ಬಂತು.

"ಇದು ಎಷ್ಟನೇ ಪ್ರಶ್ನೆ ತಾಯಿ?"

"ಇದು ನಮೂನೇಲಿಲ್ಲ. ನಾನೇ ಕೇಳ್ತಿದೀನಿ."

ಮರುಗಳಿಗೆ ಆಕೆ ವೈದ್ಯರ ಕೋಣೆಗೆ ಓಡಿದಳು. ವೈದ್ಯರೂ ನಮೂನೆ ತುಂಬುತ್ತಾ ಕೂತಿದ್ದರು: 'ರೋಗಿಯನ್ನು ಕಂಡಾಗ ವೈದ್ಯರಿಗಾಗುವ ಅನುಭವ'. ಮೊದಲ ಪ್ರಶ್ನೆಯಲ್ಲೇ ಸಿಕ್ಕಿಕೊಂಡು ಮೂರು ವಾರವಾಗಿತ್ತು, ಯಾಕೆಂದರೆ ಕಾಣಲು ಒಬ್ಬ ರೋಗಿಯೂ ಬಂದಿರಲಿಲ್ಲ. ಕಾಲೊಂದು ಕಾಯುತ್ತಿದೆ ಎಂದು ಕೇಳಿದ್ದೇ ತಡ, ಚಪ್ಪಲಿಯನ್ನೂ ಮೆಟ್ಟದೆ ಬಂದರು. ಗಾಯ ತೊಳೆದರು, ಕೆಟ್ಟ ಭಾಗ ಕತ್ತರಿಸಿದರು, ಪಟ್ಟಿ ಕಟ್ಟಿದರು. ಯಂತ್ರವನ್ನು ಕಪಾಟಿನಿಂದ ಇಳಿಸಿ, ಧೂಳು ಒರೆಸಿ, ಸಕ್ಕರೆಯನ್ನೂ ನೋಡಿದರು.

"ಇನ್ನು ನಾಲ್ಕು ದಿನ ಬಿಟ್ಟಿದ್ರೆ ಬೆರಳು ನಿಮ್ಮದಾಗಿ ಉಳೀತಿರಲಿಲ್ಲ ಯಜಮಾನ್ರೇ."

"ಈಗ ಬರ್ಕೊಳ್ಳಮ್ಮ," ಎಂದ ದರ್ಜಿ. "ಹೌದು."

ಬೆರಳು ಉಳಿಯಿತು. ಮೇಲಿನ ಕಚೇರಿ ಸಮಗ್ರ ತನಿಖೆ ನಡೆಸಿ, ಸದರಿ ಬೆರಳು ಪ್ರಶ್ನಾವಳಿಯಿಂದಲೇ ವಾಸಿಯಾಗಿದೆ ಎಂದು ತೀರ್ಮಾನಿಸಿತು. ವೈದ್ಯರ ಕೋಣೆಯ ಫಲಕ ಇಳಿಸಿ 'ಪ್ರಶ್ನೆ 41' ಎಂಬ ಫಲಕ ಏರಿಸಲಾಯಿತು. ವೈದ್ಯರ ಹುದ್ದೆಯನ್ನು 'ಉತ್ತರ ಸಹಾಯಕ' ಎಂದು ತಿದ್ದಲಾಯಿತು. ಅವರು ತಕರಾರು ಎತ್ತಲಿಲ್ಲ, ದಿನವಿಡೀ ರೋಗಿಗಳು ಸಿಗುತ್ತಿದ್ದರು. ಈಗ ಊರಿನ ಸಕ್ಕರೆಯವರೆಲ್ಲ ಬಾಗಿಲ ಮುಂದೆ ಸಾಲಾಗಿ ಬರಿಗಾಲಲ್ಲಿ ನಿಲ್ಲುತ್ತಾರೆ. ದರ್ಜಿಯೂ ತಿಂಗಳಿಗೊಮ್ಮೆ ಹೊರಡುತ್ತಾನೆ.

"ಡಾಕ್ಟ್ರ ಹತ್ರ ಹೊರಟ್ರಾ?" ಎಂದು ಹೆಂಡತಿ ಕೇಳಿದರೆ, "ಇಲ್ಲ ಕಣೇ, ನಲವತ್ತೊಂದಕ್ಕೆ" ಎನ್ನುತ್ತಾನೆ. ಅವಳೂ "ಸರಿ, ಕಾಲು ತೊಳ್ಕೊಂಡು ಹೋಗಿ" ಎನ್ನುತ್ತಾಳೆ.

ಇನ್ನು ಮುಚ್ಚಿಡುವುದೇಕೆ, ಒಂದು ಸಣ್ಣ ವಿಷಯ ಮಾತ್ರ ನಾನು ಸೇರಿಸಿದ್ದು. ದರ್ಜಿಯನ್ನು ಕೂರಿಸಿದ ಆ ಕುರ್ಚಿಗೆ ನಾಲ್ಕು ಕಾಲಿರಲಿಲ್ಲ, ಮೂರೇ. ನಾಲ್ಕನೆಯದು ಹೋಗುವ ಮುಂಚೆ ಕುರ್ಚಿಯನ್ನು ಯಾರೂ ಬಗ್ಗಿ ನೋಡಿರಲಿಲ್ಲ.