ಹದಿನೈದನೆಯ ನಂಬರಿನ ಉತ್ತರ

ಗುಂಡಿಯನ್ನೇ ಒತ್ತದ ಕಂಪ್ಯೂಟರು ಉತ್ತರ ಕೊಟ್ಟಿತು. ಇದ್ರೀಸನ ಕಷ್ಟ ಶುರುವಾದದ್ದು ಹಾಗೆ.

ಕಾಪುವಿನ ಆ ಶಾಲೆಯ ಲ್ಯಾಬಿನಲ್ಲಿ ಐದು ಕಂಪ್ಯೂಟರುಗಳು. ಎಲ್ಲವನ್ನೂ ಸ್ವಿಚ್ ಎಂಬ ಪೆಟ್ಟಿಗೆಗೆ ತಂತಿಯಿಂದ ಜೋಡಿಸಿ, ಹನ್ನೊಂದರಿಂದ ಹದಿನೈದರವರೆಗೆ ಒಂದೊಂದಕ್ಕೆ ಒಂದೊಂದು ನಂಬರು ಕೊಟ್ಟು, ತಮ್ಮತಮ್ಮಲ್ಲಿ ಮಾತಾಡುವಂತೆ ಮಾಡಬೇಕು. ಸಂಜೆ ನಾಲ್ಕು ಗಂಟೆಯೊಳಗೆ ಆದರೆ ಲ್ಯಾಬಿನ ಕೆಲಸ ನಿಮಗೇ ಎಂದು ಮುಖ್ಯೋಪಾಧ್ಯಾಯಿನಿ ತೆರೆಸಾ ಹೇಳಿದ್ದರು. ಗಲ್ಫಿನಿಂದ ಬರಿಗೈಯಲ್ಲಿ ಮರಳಿ, ನಲವತ್ತೆರಡನೆಯ ವಯಸ್ಸಿನಲ್ಲಿ ಮಣಿಪಾಲದಲ್ಲಿ ಹುಡುಗರ ಪಕ್ಕ ಕುಳಿತು ಮೂರು ತಿಂಗಳು ಈ ಕೆಲಸ ಕಲಿತವನಿಗೆ ಉಳಿದದ್ದು ಅದೊಂದೇ ಆಸೆ.

ನಾಲ್ಕು ಕಂಪ್ಯೂಟರುಗಳಿಗೆ ನಂಬರು ಕೊಟ್ಟಾಗಿತ್ತು. ಹದಿನೈದು ಖಾಲಿ ಉಂಟೋ ಎಂದು ತಿಳಿಯಲು ಮೊದಲ ಕಂಪ್ಯೂಟರಿನಿಂದ "ಇದ್ದೀಯಾ?" ಎಂದು ಕೇಳಿಸಿದ. ಇದ್ದೇನೆ ಎಂದು ನಾಲ್ಕು ಸಾಲು ಉತ್ತರ ಬಂತು. ಆ ನಂಬರು ಸಿಗಬೇಕಾದ ಯಂತ್ರವೋ ಮೂಲೆಯಲ್ಲಿ ಹೆಣಕ್ಕೆ ಹೊದಿಸುವ ಕಫನ್ನಿನಂತೆ ಬಿಳಿ ಬಟ್ಟೆ ಹೊದ್ದು ತಣ್ಣಗಿತ್ತು.

"ಅದು ಲ್ಯಾಬ್ ನೋಡ್ಕೋತಿದ್ದ ಝುಬೈರ್ ಮಾಸ್ತರ್ದು ರೀ," ಎಂದಳು ನೆಲ ಒರೆಸುತ್ತಿದ್ದ ರತ್ನವ್ವ. "ಅವರು ತೀರಿಕೊಂಡು ವರ್ಷ ಆತು. ಯಾರೂ ಮುಟ್ಟಿಲ್ಲ."

"ಕರೆಂಟೇ ಇಲ್ಲದೆ ಹೇಗೆ ಮಾತಾಡುತ್ತದೆ ಮಾರಾಯ್ತಿ?"

"ಸತ್ತೋರಿಗೆ ಕರೆಂಟ್ ಯಾಕ ಬೇಕ್ರಿ?"

ಬೇರೆ ಯಾವುದಾದರೂ ಉತ್ತರಿಸುತ್ತಿದೆಯೋ ಎಂದು ಇದ್ರೀಸ್ ತನ್ನ ಮುಂದಿನದೊಂದನ್ನು ಬಿಟ್ಟು, ನಂಬರು ಕೊಟ್ಟ ಉಳಿದ ಮೂರರ ತಂತಿಗಳನ್ನೂ ಕಿತ್ತ. ಕಡಲ ಕಡೆಯ ಕಿಟಕಿ ಒಮ್ಮೆ ತಾನಾಗಿ ಬಡಿದುಕೊಂಡು ಸುಮ್ಮನಾಯಿತು. ಮತ್ತೆ ಕೇಳಿದ. ಮತ್ತೆ ನಾಲ್ಕು ಸಾಲು. ಉತ್ತರಕ್ಕೆ ಹಿಡಿದ ಹೊತ್ತು ಒಂದು ಮಿಲಿಸೆಕೆಂಡಿಗಿಂತ ಕಡಿಮೆ.

"ಹಂಗಂದ್ರ ಏನ್ರಿ?"

"ಹತ್ತಿರ ಇದ್ದಷ್ಟು ಬೇಗ ಉತ್ತರ."

ರತ್ನವ್ವ ಅವನ ಬೆನ್ನ ಹಿಂದೆ ನೋಡಿದಳು. "ಹಂಗಾದ್ರ ನಿಮ್ಮ ಬಾಜೂಕ ಅದಾರ," ಎಂದವಳೇ ಬಟ್ಟೆ ಬಕೆಟು ಬಿಟ್ಟು ಓಡಿದಳು.

ಓಡಿದವಳು ಸುಮ್ಮನಿರಲಿಲ್ಲ. ಶಾಲೆಯ ಹಿಂದಿನ ಮನೆಯಿಂದ ಮಾಸ್ತರರ ಹೆಂಡತಿ ಸಫಿಯಮ್ಮನನ್ನೇ ಕರೆತಂದಳು. ಅಷ್ಟರಲ್ಲಿ ಇದ್ರೀಸ್ ದುಆ ಹೇಳಿಕೊಳ್ಳುತ್ತಿದ್ದ.

ಸಫಿಯಮ್ಮ ಮೂಲೆಯಿಂದ ಗಂಡನ ಕುರ್ಚಿಯನ್ನು ಎಳೆದು ಅವನ ಪಕ್ಕ ಕುಳಿತರು. "ಇನ್ನೊಮ್ಮೆ ಕೇಳು ಮಗ."

ನಾಲ್ಕು ಸಾಲು.

"ಊಟ ಆತೇನು ಕೇಳ್ರಿ," ಎಂದಳು ರತ್ನವ್ವ, ಬಾಗಿಲ ಮರೆಯಿಂದ.

"ಅದು ಇದ್ದೇನೆ ಅಂತ ಮಾತ್ರ ಹೇಳುವುದು."

"ಅಷ್ಟು ಸಾಕು," ಎಂದರು ಸಫಿಯಮ್ಮ. "ಇನ್ನೊಮ್ಮೆ."

ಹನ್ನೆರಡನೆಯ ಸಲ ಕೇಳುವಾಗ ಇದ್ರೀಸನಿಗೆ ಏನೋ ಹೊಳೆಯಿತು. ತನ್ನ ಮುಂದಿದ್ದ ಯಂತ್ರದ ನಂಬರನ್ನೇ ತೆಗೆದು ನೋಡಿದ. ಹದಿನೈದು. ಬೆಳಿಗ್ಗೆ ರತ್ನವ್ವನ ಮಾತಿಗೆ ಹೂಂಗುಟ್ಟುತ್ತ ಹನ್ನೊಂದರ ಬದಲು ಅದನ್ನು ಒತ್ತಿದ್ದ. ಇಷ್ಟು ಹೊತ್ತೂ ಆ ಯಂತ್ರ ತನ್ನನ್ನೇ ಕೇಳಿ, ತಾನೇ ಹೂಂ ಎಂದಿತ್ತು.

ಸರಿಪಡಿಸಲು ಐದು ನಿಮಿಷ ಸಾಕು. ಆದರೆ ಸರಿಪಡಿಸಿದರೆ ಮಾಸ್ತರರು ಸುಮ್ಮನಾಗುತ್ತಾರೆ. ಸಫಿಯಮ್ಮನ ಬೆರಳು ಮೇಜಿನ ಅಂಚನ್ನು ಮೆಲ್ಲಗೆ ಸವರುತ್ತಿತ್ತು. ಇದ್ರೀಸ್ ನಂಬರನ್ನು ಮುಚ್ಚಿ ಮತ್ತೆ ಕೇಳಿಸಿದ. ನಾಲ್ಕು ಗಂಟೆಯಾಯಿತು.

ತೆರೆಸಾ ಬಂದು ಕಿತ್ತ ತಂತಿಗಳನ್ನು ನೋಡಿದರು. "ಎಂತ ಇದು? ಆಗಲಿಲ್ವಾ?"

"ಇಲ್ಲ ಮೇಡಂ. ನನಗೆ ಗೊತ್ತಾಗಲಿಲ್ಲ."

"ಪಾಪ, ತನ್ನ ನಂಬರನ್ನು ತಾನೇ ಕೇಳುತ್ತಿದ್ದಾನೆ," ಎಂದರು ಸಫಿಯಮ್ಮ. ಕೀಲಿಮಣೆ ಎಳೆದುಕೊಂಡು ಹದಿನೈದನ್ನು ಹನ್ನೊಂದು ಮಾಡಿದರು. ತಂತಿಗಳನ್ನು ಸಿಕ್ಕಿಸಿದರು. ಬಿಳಿ ಬಟ್ಟೆಯನ್ನು ಮಡಚಿಟ್ಟು ಮೂಲೆಯದನ್ನೂ ಎಬ್ಬಿಸಿ ಅದಕ್ಕೆ ಹದಿನೈದು ಕೊಟ್ಟರು. ಐದೂ ಒಂದನ್ನೊಂದು ಮಾತಾಡಿಸಿದವು.

"ನಿಮಗೆ ಗೊತ್ತಿತ್ತಾ?" ಎಂದ ಇದ್ರೀಸ್.

"ಬಂದ ಕೂಡಲೇ. ನಮ್ಮ ಊಟದ ಮೇಜಿನ ಮೇಲೆ ಇಂಥದೇ ಪೆಟ್ಟಿಗೆ ಇಟ್ಟುಕೊಂಡು ಅವರು ಕಲಿತದ್ದು. ಪಾಠ ಒಪ್ಪಿಸಿಕೊಂಡವಳು ನಾನು."

"ಮತ್ತೆ ಯಾಕೆ ಹೇಳಲಿಲ್ಲ?"

"ಹೇಳಿದ್ದರೆ ಈ ಕುರ್ಚಿಯಿಂದ ಏಳಬೇಕಿತ್ತಲ್ವಾ ಮಗ?"

ತೆರೆಸಾ ಐದು ಪರದೆಗಳನ್ನೂ ಒಂದೊಂದಾಗಿ ನೋಡಿದರು. ಆಮೇಲೆ ಮೆಲ್ಲನೆ ಹೇಳಿದರು:

"ಏಳುವುದು ಬೇಡ ಸಫಿಯಮ್ಮ. ನಾಳೆಯಿಂದ ಒಂಬತ್ತು ಗಂಟೆಗೆ ಕೆಲಸಕ್ಕೆ ಬಂದು ಅಲ್ಲೇ ಕೂತುಕೊಳ್ಳಿ."