ಅತ್ತೆ ಹೆಸರಿನ ಕ್ಯಾರಿಯರ್

ನಾಣಿಯ ಊಟದ ಕ್ಯಾರಿಯರ್ ಕಳೆದದ್ದು ಬೆಳಗ್ಗೆ ಒಂಬತ್ತೂಕಾಲಿಗೆ. ಬರೀ ಕ್ಯಾರಿಯರ್ ಆಗಿದ್ದರೆ ಒಂದು ಲೋಟ ಕಾಫಿ ಕುಡಿದು ಮರೆತುಬಿಡುತ್ತಿದ್ದ. ಆದರೆ ಅದರ ಮುಚ್ಚಳದ ಮೇಲೆ 'ಸುಬ್ಬಲಕ್ಷ್ಮಮ್ಮ' ಎಂದು ಕೆತ್ತಿತ್ತು. ಸುಬ್ಬಲಕ್ಷ್ಮಮ್ಮ ಅವನ ಅತ್ತೆ. ಮಗಳ ಮದುವೆಗೆ ಕೊಟ್ಟ ಪಾತ್ರೆಗಳಲ್ಲಿ ಒಂದು ಚಮಚ ಕಡಿಮೆಯಾದರೂ ಬಾಗಿಲಲ್ಲೇ ವಾಸನೆ ಹಿಡಿಯುವ ಹೆಂಗಸು. ಆಕೆ ಅವತ್ತು ಸಂಜೆ ಆರಕ್ಕೆ ಮನೆಗೆ ಬರುವವಳಿದ್ದಳು.

ಇದಕ್ಕಿಂತ ದೊಡ್ಡ ಅವಮಾನ ಇನ್ನೊಂದಿತ್ತು. ಕಾರ್ಖಾನೆಯಿಂದ ಸ್ವಯಂ ನಿವೃತ್ತಿ ತಗೊಂಡ ನಾಣಿ, ಪಟ್ಟಂದೂರು ಅಗ್ರಹಾರದ ಪಕ್ಕದ ಐಟಿ ಪಾರ್ಕಿನಲ್ಲಿ ಕಳೆದ ಸಾಮಾನು ಹುಡುಕಿಕೊಡುವ ಕೌಂಟರಿನ ಮುಖ್ಯಸ್ಥ! ಮುಖ್ಯಸ್ಥನೇ ಕಳಕೊಂಡ ಅಂತ ಗೊತ್ತಾದರೆ ಪಾರ್ಕಿನ ನಲವತ್ತು ಸಾವಿರ ಜನರ ಜೊತೆಗೆ ಲಿಫ್ಟುಗಳೂ ನಗುತ್ತವೆ. ಆದ್ದರಿಂದ ಅವನು ಯಾರಿಗೂ ಬಾಯಿ ಬಿಡಲಿಲ್ಲ.

ಕೌಂಟರಿಗೆ ಹೋದ ತಿಂಗಳು ಹೊಸ ಪ್ರೋಗ್ರಾಂ ಬಂದಿತ್ತು. ಬರೆದವಳು ನಾಣಿಯ ಮನೆಯ ಮಹಡಿಯಲ್ಲೇ ಬಾಡಿಗೆಗಿದ್ದ ರಕ್ಷಿತಾ. ಕಳಕೊಂಡವರು ಸಾಮಾನಿನ ಗುರುತು ಬರೆದಿಡಬೇಕು. ಆ ಚೀಟಿಗಳೆಲ್ಲ ಕಂಪ್ಯೂಟರಿನೊಳಗೆ ಬಾಯಿ ತೆರೆದುಕೊಂಡು ಕಾಯುತ್ತವೆ. ಏನಾದರೂ ಸಿಕ್ಕಿತೆಂದು ಟೈಪ್ ಮಾಡಿದರೆ, ಕಂಪ್ಯೂಟರು ಆ ಸಾಲನ್ನು ರೆಪ್ಪೆ ಬಡಿಯುವಷ್ಟು ಹೊತ್ತು ತಲೆಯಲ್ಲಿಟ್ಟುಕೊಂಡು, ಕಾದಿರುವ ಒಂದೊಂದು ಚೀಟಿಗೂ ತಾಳೆ ನೋಡುತ್ತದೆ. ಕೂಡಿಬಂದ ಚೀಟಿಯವರ ಫೋನಿಗೆ ಗಂಟೆ. ಆಮೇಲೆ ಆ ಸಾಲನ್ನು ಮರೆತುಬಿಡುತ್ತದೆ. ಚೀಟಿಗಳನ್ನು ಮಾತ್ರ ಮರೆಯುವುದಿಲ್ಲ.

ನಾಣಿ ಕಳ್ಳನ ಹಾಗೆ ಅತ್ತಿತ್ತ ನೋಡಿ ಒಂದೇ ಪದ ಬರೆದಿಟ್ಟ: 'ಡಬ್ಬಿ'.

ಹತ್ತು ನಿಮಿಷಕ್ಕೆ ಗಂಟೆ ಹೊಡೆಯಿತು. ಓಡಿದ. ಮಾತ್ರೆ ಡಬ್ಬಿ. ಮತ್ತೆ ಗಂಟೆ. ಕುಂಕುಮದ ಡಬ್ಬಿ. ಆಮೇಲೆ ನಶ್ಯದ ಡಬ್ಬಿ, ಬಣ್ಣದ ಡಬ್ಬಿ, ಯಾರೋ ಬಿಟ್ಟುಹೋದ ಕೇಕಿನ ಖಾಲಿ ಡಬ್ಬಿ. ಅವತ್ತು ವೈಟ್‌ಫೀಲ್ಡಿನ ಡಬ್ಬಿಗಳೆಲ್ಲ ಮಾತಾಡಿಕೊಂಡು ಕಳೆದುಹೋದಂತಿತ್ತು. ಅವನ ಜೇಬು ಮಂಗಳಾರತಿ ಹೊತ್ತಿನ ದೇವಸ್ಥಾನವಾಯಿತು.

"ಏನ್ ಸಾರ್, ಫೋನಿಗೆ ಚಳಿಜ್ವರ ಬಂದದಾ?" ಎಂದ ಜೊತೆಗಿದ್ದ ಗಾರ್ಡ್ ಕೊಟ್ರಪ್ಪ.

ನಾಣಿ ಮೆಲ್ಲಗೆ ರಕ್ಷಿತಾಗೆ ಫೋನ್ ಮಾಡಿದ. "ಅಲ್ಲಮ್ಮಾ, ನಮ್ಮ ಸ್ನೇಹಿತ ಒಬ್ಬ ಇದಾನೆ. ಪಾಪ, ಕ್ಯಾರಿಯರ್ ಕಳ್ಕೊಂಡಿದಾನೆ..."

"ನಿಮ್ಮ ಫ್ರೆಂಡಿಗೆ ಗುರುತು ಜಾಸ್ತಿ ಬರೆಯೋಕೆ ಹೇಳಿ ಅಂಕಲ್. ಬರೆದಿದ್ದೆಲ್ಲಾ ಕೂಡಿದ್ರೆ ಮಾತ್ರ ಗಂಟೆ ಹೊಡಿಯುತ್ತೆ," ಎಂದಳು. ಹಿಂದೆ ಯಾರೋ ಕಿಸಕ್ಕೆಂದರು.

ನಾಣಿ ಹಳೇ ಚೀಟಿ ಅಳಿಸಿ, ಮದುವೆಗೆ ಜಾತಕ ಬರೆಸುವಷ್ಟು ಶ್ರದ್ಧೆಯಿಂದ ಹೊಸದು ಬರೆದ: ಸ್ಟೀಲ್ ಕ್ಯಾರಿಯರ್, ಮೂರು ಬಟ್ಟಲು, ಸೊಟ್ಟ ಹಿಡಿ, ಎಡಗಡೆ ತಗ್ಗು, ಸುಬ್ಬಲಕ್ಷ್ಮಮ್ಮ, ಮೇಲಿನ ಬಟ್ಟಲಲ್ಲಿ ಹಾಗಲಕಾಯಿ ಗೊಜ್ಜು.

ಫೋನು ಮಸಣದಷ್ಟು ತಣ್ಣಗಾಯಿತು.

ಕೈಕಟ್ಟಿ ಕೂರಲಾಗದೆ ನಾಣಿ ಎದ್ದ. ಹನ್ನೊಂದು ಮಹಡಿ ಹತ್ತಿಳಿದ, ಮೂರು ಕ್ಯಾಂಟೀನುಗಳ ಕಸದಬುಟ್ಟಿ ಇಣುಕಿದ, ಒಂದು ಮೀಟಿಂಗಿನ ಮೇಜಿನಡಿ ನುಸುಳಿ ಬೈಸಿಕೊಂಡ. ಮಧ್ಯಾಹ್ನ ಮೂರಕ್ಕೆ ಕೌಂಟರಿಗೆ ಬಂದು, ಮುಖ ಒರೆಸಿಕೊಂಡು, "ಏನಾದ್ರೂ ಬಂತೇನಪ್ಪಾ?" ಎಂದ.

"ಬಂದಿದ್ವು ಸಾರ್. ಟೈಪ್ ಮಾಡಿದೆ, ಗಂಟೆ ಹೊಡೀತು, ಅವರವರು ಬಂದು ತಗೊಂಡ್ ಹೋದ್ರು. ಎಂಥಾ ಮಿಷನ್ ಸಾರ್ ಇದು, ದೇವರೇ!"

ನಾಣಿಯ ಫೋನ್ ಹೊಡೆದಿಲ್ಲ. ಅಂದಮೇಲೆ ಅವನದು ಬಂದಿಲ್ಲ. ಮಿಷನ್ ಸುಳ್ಳು ಹೇಳುತ್ತದೆಯೇ? ತಲೆನೋವೆಂದು ಹೇಳಿ ಹೊರಬಿದ್ದವನು ಆಟೋ ಹಿಡಿದು ಕುಂದಲಹಳ್ಳಿಯ ಪಾತ್ರೆ ಅಂಗಡಿಗೆ ಹೋದ. ಅಂಥದ್ದೇ ಮೂರು ಬಟ್ಟಲಿನ ಕ್ಯಾರಿಯರ್ ತಗೊಂಡು, ಮುಚ್ಚಳದ ಮೇಲೆ ಅತ್ತೆಯ ಹೆಸರು ಕೆತ್ತಿಸಿದ.

"ಅಕ್ಷರ ಸರಿಯಾಗಿದ್ಯಾ ನೋಡ್ಕೊಳಿ ಸಾರ್," ಎಂದ ಅಂಗಡಿಯವನು.

ನಾಣಿಯ ಕಣ್ಣಿಗೆ ಅಕ್ಷರಗಳು ಸಕ್ಕರೆಗೆ ಮುತ್ತಿದ ಇರುವೆಗಳಂತೆ ಕಂಡವು. ಮಧ್ಯಾಹ್ನದ ಊಟವಿಲ್ಲದೆ ಕಣ್ಣು ಮಂಜಾಗಿದೆ ಅಂದುಕೊಂಡು, "ಸಕ್ಕತ್ತಾಗಿದೆ" ಎಂದ. ಆಮೇಲೆ ಮೆಟ್ಟಿಲ ಮೇಲೆ ಕೂತು, ಒಂದು ಕಲ್ಲು ತಗೊಂಡು ಹೊಸ ಕ್ಯಾರಿಯರಿನ ಎಡಗಡೆಗೆ ಠಣ್ಣನೆ ಕುಟ್ಟಿದ. ಹಿಡಿಯನ್ನು ಮೊಣಕಾಲಿಗೆ ಒತ್ತಿ ಸೊಟ್ಟ ಮಾಡಿದ.

"ಅಯ್ಯೋ ಸಾರ್! ಬೇಡ ಅಂದಿದ್ರೆ ವಾಪಸ್ ಕೊಡ್ಬೋದಿತ್ತಲ್ಲಾ!"

"ಹಳೇದಾಗ್ಬೇಕು ಕಣಯ್ಯಾ, ಹಳೇದು!" ಎಂದು ನಾಣಿ ಇನ್ನೆರಡು ಏಟು ಹಾಕಿದ.

ಟ್ರಾಫಿಕ್ಕಿನಲ್ಲಿ ಸಿಕ್ಕು ಆರೂವರೆಗೆ ಮನೆಗೆ ಬಂದಾಗ ಅತ್ತೆ ಕುರ್ಚಿಯಲ್ಲಿ ಕೂತಿದ್ದಳು. ನಾಣಿ ಯುದ್ಧ ಗೆದ್ದ ರಾಜನ ಹಾಗೆ ಕ್ಯಾರಿಯರನ್ನು ಮೇಜಿನ ಮೇಲಿಟ್ಟ. ಇಟ್ಟ ಕೈ ಅಲ್ಲೇ ನಿಂತಿತು. ಪಕ್ಕದಲ್ಲೇ ಇನ್ನೊಂದಿತ್ತು. ಅದೇ ಸೊಟ್ಟ ಹಿಡಿ, ಅದೇ ತಗ್ಗು.

"ಅಳಿಯಂದ್ರೇ," ಎಂದಳು ಸುಬ್ಬಲಕ್ಷ್ಮಮ್ಮ, ಎರಡನ್ನೂ ತಟ್ಟಿ ನೋಡಿ. "ನಾನು ಕೊಟ್ಟಿದ್ದು ಒಂದು. ಮರಿ ಹಾಕಿದ್ಯಾ?"

ಹೆಂಡತಿ ಸೀತಾಲಕ್ಷ್ಮಿ ಸೆರಗು ಬಾಯಿಗಿಟ್ಟುಕೊಂಡು ಅಡುಗೆಮನೆಯಿಂದ ಬಂದಳು. "ಬೆಳಗ್ಗೆ ಮಹಡಿ ಮೇಲೆ ರಕ್ಷಿತಾ ಜೊತೆ ಕಾಫಿ ಕುಡೀತಾ ಇದ್ದೆ ಕಣ್ರೀ, ನಿಮ್ಮ ಸ್ನೇಹಿತನ ಫೋನ್ ಬಂತು! ಹನ್ನೆರಡಕ್ಕೆ ನನ್ನ ಫೋನಿಗೆ ಗಂಟೆ ಹೊಡೀತು, ಹೋಗಿ ಇಸ್ಕೊಂಡ್ ಬಂದೆ. ಗಾರ್ಡ್ ಅಣ್ಣ ಪಾಪ, ಅಮ್ಮನ ಹೆಸರು ಹೇಳಿದ ತಕ್ಷಣ ಕೊಟ್ಟ."

"ನಿನ್ನ ಫೋನಿಗಾ? ನನಗ್ಯಾಕೆ ಹೊಡೀಲಿಲ್ಲ?"

"ನಾನು ಅಮ್ಮನ ಹೆಸರು ಒಂದೇ ಬರೆಸಿದ್ದೆ. ನಿಮ್ಮ ಚೀಟೀನ ರಕ್ಷಿತಾ ತೋರಿಸಿದ್ಲು. ಹಾಗಲಕಾಯಿ ಗೊಜ್ಜಿನ ತನಕ ಬರೆದ್ರೆ ಹೆಂಗೆ ಹೊಡಿಯುತ್ತೆ? ಸಿಕ್ಕಿದ ಪುಣ್ಯಾತ್ಮ ಅದನ್ನ ತಿಂದು, ಕ್ಯಾರಿಯರ್ ತೊಳೆದೂ ಇಟ್ಟಿದ್ದ. ನಿಮಗಿಂತ ವಾಸಿ."

"ಆದ್ರೆ ನಾನು ಕಳೆದಿದ್ದು ಇವತ್ತು ಕಣೇ. ನೀನು ಯಾವಾಗ ಬರೆಸ್ದೆ?"

"ಪ್ರೋಗ್ರಾಂ ಶುರುವಾದ ದಿನಾನೇ. ನಿಮ್ಮ ಸಾಮಾನು ಹತ್ತೊಂಬತ್ತು ಬರೆಸಿದೀನಿ. ಕೊಡೆ, ಹೆಲ್ಮೆಟ್ಟು, ಕನ್ನಡಕ, ಮೇಲಿನ ಹಲ್ಲಿನ ಸೆಟ್ಟು..."

"ಅದ್ಯಾವ್ದನ್ನೂ ನಾನು ಕಳೆದೇ ಇಲ್ವಲ್ಲೇ!" ಎಂದು ನಾಣಿ ಮೇಜು ಗುದ್ದಿದ.

ಸೀತಾಲಕ್ಷ್ಮಿಯ ಫೋನು ಟಿಣ್ಣೆಂದಿತು. ಅವಳು ಓದಿದಳು, ತಾಯಿಗೆ ತೋರಿಸಿದಳು. ಇಬ್ಬರೂ ನಾಣಿಯ ಮುಖ ನೋಡಿದರು.

ನಾಣಿ ಮೆಲ್ಲಗೆ ಮೂಗು ಮುಟ್ಟಿಕೊಂಡ. ಮೂಗು ಇತ್ತು.